ಮುರಿದ ಹಲ್ಲು

ಸ್ಪ್ಯಾನರ್ ಎರಡನೇ ಸಲ ಬಿದ್ದಾಗ ಮಹದೇವುವಿನ ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ಅವನು ಆ ಕೈಯನ್ನು ಎದೆಗೆ ಅವಚಿಕೊಂಡು ಆಯಿಲ್ ಡಬ್ಬಗಳ ಮಧ್ಯೆ ಕುಸಿದ. ಸಿದ್ದಲಿಂಗಸ್ವಾಮಿ ಅವನ ಪಕ್ಕೆಗೆ ಒದ್ದ. ಎದುರಂಗಡಿಯವರು ಓಡಿಬಂದು ಹಿಡಿದೆಳೆಯದಿದ್ದರೆ ಮತ್ತೂ ಒದೆಯುತ್ತಿದ್ದ.

ವಿದ್ಯಾರಣ್ಯಪುರಂನ ಆ ಗ್ಯಾರೇಜು ಸಿದ್ದಲಿಂಗಸ್ವಾಮಿಯದು. ಕೈಯಲ್ಲಿ ಕಸುಬಿತ್ತು, ಮೂಗಿನ ತುದಿಯಲ್ಲಿ ಸಿಟ್ಟಿತ್ತು. ಮೀಸೆ ಮೂಡುವ ಮೊದಲಿನಿಂದ ಅವನ ಹತ್ತಿರವೇ ದುಡಿದ ಮಹದೇವುಗೆ ಏಟು ಹೊಸದಲ್ಲ. ಈ ಸಲದ ಕಾರಣ ಅಲಮೇಲು ಎಂಬ ಹೆಂಗಸಿನ ಕಾರು. ಮುಂದಿನ ಎಡಚಕ್ರದ ಬೇರಿಂಗ್ ಬದಲಿಸಿ, ಚಕ್ರದ ವೇಗ ಅಳೆಯುವ ಸೆನ್ಸರನ್ನೂ ಹೊಸದು ಹಾಕಿ ಹಿಂದಿನ ದಿನ ಕೊಟ್ಟಿದ್ದರು. ಬೆಳಿಗ್ಗೆ ಚಾಮರಾಜಪುರಂ ತಿರುವಿನಲ್ಲಿ ಬ್ರೇಕ್ ಪೆಡಲ್ ಆಕೆಯ ಕಾಲ ಕೆಳಗೆ ಗಡಗಡ ನಡುಗಿ, ಕಾರು ನಿಲ್ಲದೆ ಕಲ್ಲಿನ ಕಾಂಪೌಂಡಿಗೆ ಗುದ್ದಿತ್ತು. ಗಾಜಿನ ಚೂರು ಆಕೆಯ ಕಣ್ಣಿಗೆ ಹೊಕ್ಕಿತ್ತು. ಸೆನ್ಸರ್ ಕೂರಿಸಿದವನು ಮಹದೇವು. ಸಿದ್ದಲಿಂಗಸ್ವಾಮಿಗೆ ಅಷ್ಟೇ ಸಾಕಾಗಿತ್ತು.

ಮಹದೇವುವನ್ನು ಯಾರೋ ಆಟೋ ಹತ್ತಿಸಿಕೊಂಡು ಹೋದರು. ಅವನ ತಪ್ಪನ್ನು ನಾಲ್ಕು ಜನಕ್ಕೆ ತೋರಿಸಿಯೇ ಬಿಡಬೇಕೆಂದು ಸಿದ್ದಲಿಂಗಸ್ವಾಮಿ, ಎಳೆದು ತಂದಿದ್ದ ಕಾರನ್ನು ಜಾಕ್ ಕೊಟ್ಟು ಎತ್ತಿದ. ಸೆನ್ಸರ್ ಬಿಗಿಯಾಗಿ ಕೂತಿತ್ತು. ವೈರು ಎಲ್ಲೂ ತುಂಡಾಗಿರಲಿಲ್ಲ. ಮೀಟರ್ ಹಚ್ಚಿ ಚಕ್ರ ತಿರುಗಿಸಿದರೆ ಮುಳ್ಳು ಸರಿಯಾಗಿಯೇ ಏಳುತ್ತಿತ್ತು. ಬೈದುಕೊಳ್ಳುತ್ತಾ ಮತ್ತೆ ನಿಧಾನಕ್ಕೆ ತಿರುಗಿಸಿದ. ಸುತ್ತಿಗೊಮ್ಮೆ, ಅದೇ ಜಾಗಕ್ಕೆ ಬಂದಾಗ, ಮುಳ್ಳು ಮುಗ್ಗರಿಸಿತು.

ಟಾರ್ಚ್ ಬಿಟ್ಟು ನೋಡಿದ. ಚಕ್ರದ ಜೊತೆ ತಿರುಗುವ ಹಲ್ಲಿನ ಬಳೆಯಲ್ಲಿ ಒಂದು ಹಲ್ಲು ಮುರಿದಿತ್ತು. ಸೆನ್ಸರ್ ವೇಗ ತಿಳಿಯುವುದೇ ಆ ಹಲ್ಲುಗಳಿಂದ. ಒಂದು ತಪ್ಪಿದರೂ ಚಕ್ರ ಜಾರುತ್ತಿದೆಯೆಂದು ಕಾರಿನ ಯಂತ್ರ ಮೋಸಹೋಗಿ ಬ್ರೇಕನ್ನು ತಾನಾಗಿ ಸಡಿಲಿಸುತ್ತದೆ. ಮುರಿದ ಜಾಗದ ಪಕ್ಕದಲ್ಲಿ ಲೋಹ ಚಪ್ಪಟೆಯಾಗಿತ್ತು. ಸುತ್ತಿಗೆಯ ಏಟು.

ಜಾಮಾದ ಹಳೇ ಬೇರಿಂಗನ್ನು ಎಳೆದು ತೆಗೆಯುವ ಪುಲ್ಲರ್ ತರುತ್ತೇನೆಂದು ರಿಪೇರಿಯ ದಿನ ಮಹದೇವು ಹೊರಟಿದ್ದ. ಅಷ್ಟು ಹೊತ್ತು ಕಾಯಲಾರದೆ ಸುತ್ತಿಗೆ ಎತ್ತಿ ಬಾರಿಸಿದ್ದು ತಾನು.

ಸಿದ್ದಲಿಂಗಸ್ವಾಮಿ ಟಾರ್ಚ್ ಆರಿಸಿದ. ಆಮೇಲೆ ಎದ್ದು ಆಸ್ಪತ್ರೆಗೆ ಹೋಗಿ, ಅಲಮೇಲು ಅವರ ಮಗನಿಗೆ ಇದ್ದದ್ದು ಇದ್ದಂತೆ ಹೇಳಿದ. ತಾಯಿಯ ಕಣ್ಣು ಹೋಯಿತೆಂದು ಆಗಷ್ಟೇ ಕೇಳಿದ್ದ ಆತ ಮೆಟ್ಟಿಲ ಮೇಲೇ ಅವನ ಮುಖಕ್ಕೆ ಗುದ್ದಿದ. ತುಟಿ ಸೀಳಿ ರಕ್ತ ಬಂದರೂ ಸಿದ್ದಲಿಂಗಸ್ವಾಮಿ ಕೈ ಎತ್ತಲಿಲ್ಲ.

ಮಹದೇವು ಅದೇ ಆಸ್ಪತ್ರೆಯ ಹಿಂದಿನ ವಾರ್ಡಿನಲ್ಲಿದ್ದ. ಅವನ ಹೆಂಡತಿ ಬೆಟ್ಟಮ್ಮ, ಇವನನ್ನು ಕಂಡವಳೇ ಎದ್ದು ಮಂಚಕ್ಕೆ ಅಡ್ಡ ನಿಂತಳು.

"ಬಳೇಲಿ ಹಲ್ಲು ಮುರ್ದಿತ್ತು ಕಣೋ," ಎಂದ ಸಿದ್ದಲಿಂಗಸ್ವಾಮಿ ಅವಳ ಹಿಂದಿದ್ದವನಿಗೆ. "ನಾನೇ ಮುರ್ದಿದ್ದು."

"ಗೊತ್ತು. ಸೆನ್ಸರ್ ಕೂರಿಸ್ವಾಗ್ಲೇ ನೋಡ್ದೆ."

"ಮತ್ಯಾಕೆ ಹೇಳ್ಲಿಲ್ಲ?"

ಮಹದೇವು ಸೂರು ನೋಡುತ್ತಿದ್ದ. "ಸುತ್ತಿಗೆ ಇನ್ನೂ ನಿಮ್ ಕೈಲೇ ಇತ್ತಲ್ಲಣ್ಣ," ಎಂದ. ಆಮೇಲೆ ಕೇಳಿದ, "ಅಮ್ಮೋರ ಕಣ್ಣು ಎಂಗೈತೆ?"

ಸಿದ್ದಲಿಂಗಸ್ವಾಮಿ ಸೀಳಿದ ತುಟಿಯನ್ನು ಒರೆಸಿಕೊಂಡ. ಬೆಟ್ಟಮ್ಮ ನೀರು ತರಲು ಆಚೆ ಹೋದಳು. ಮಂಚದಿಂದ ಹೊದಿಕೆ ಜಾರಿತ್ತು. ಅದನ್ನು ಹೊದಿಸಲು ಸಿದ್ದಲಿಂಗಸ್ವಾಮಿ ಬಾಗಿ ಕೈ ಚಾಚಿದ.

ಮಹದೇವು ಕಣ್ಣು ಮುಚ್ಚಿ, ಪ್ಲಾಸ್ಟರಿನ ಕೈಯನ್ನೇ ಮುಖಕ್ಕೆ ಅಡ್ಡ ಹಿಡಿದ. ಪ್ಲಾಸ್ಟರ್ ಇನ್ನೂ ಹಸಿಯಾಗಿತ್ತು. ಅದರ ಬಿಳೀ ಹನಿಯೊಂದು ಅವನ ಕೆನ್ನೆಯ ಮೇಲೆ ಇಳಿಯಿತು.