ನಲವತ್ತೇಳನೆಯ ಪುಟಕ್ಕೆ ಕೈಬಿಟ್ಟ ದರ್ಜಿ

ದರ್ಜಿ ನಲವತ್ತೇಳನೆಯ ಪುಟಕ್ಕೆ ಕೈಚೆಲ್ಲಿದ. ಅವನನ್ನು ಬೈಯುವ ಮುಂಚೆ ಪುಸ್ತಕ ಹೇಗಿತ್ತು ಅಂತಲೂ ಸ್ವಲ್ಪ ಕೇಳಿ.

ಬರೆದವರು ಮೇಷ್ಟ್ರು, ಒಂಬತ್ತು ವರ್ಷದಿಂದ ದರ್ಜಿಯ ಜೊತೆ ಒಂದೇ ಸೂರಿನಡಿ, ಒಂದೇ ಹೊದಿಕೆಯಡಿ ಬಾಳುತ್ತಿರುವವರು. ಚೊಚ್ಚಲ ಕಾದಂಬರಿ, ಇಬ್ಬರು ಗಂಡಸರ ಪ್ರೇಮಕಥೆ. ನಾಯಕನೂ ದರ್ಜಿಯೇ. ಆದರೆ ಎಂಥ ದರ್ಜಿ! ಬೆಳದಿಂಗಳಲ್ಲಿ ಮಖಮಲ್ಲು ಕತ್ತರಿಸುತ್ತಾನೆ, ಅದೂ ಗುರುತು ಹಾಕದೆ. ಅವನ ಪ್ರಿಯಕರ ಪುಟಕ್ಕೆರಡು ಸಲ ನಿಟ್ಟುಸಿರು ಬಿಡುತ್ತಾನೆ. ಇಬ್ಬರೂ ಉಣ್ಣುವುದಿಲ್ಲ, ನಗುವುದಿಲ್ಲ, ಪಾತ್ರೆ ತೊಳೆಯುವ ಸರದಿ ಯಾರದೆಂದು ಜಗಳವಾಡುವುದಿಲ್ಲ. ನಲವತ್ತೊಂದನೆಯ ಪುಟದಲ್ಲಿ ನಾಯಕನ ಬೆರಳಿಗೆ ಸೂಜಿ ಚುಚ್ಚಿತು. ಒಂದು ಹನಿ ರಕ್ತಕ್ಕೆ ನಲವತ್ತೇಳರವರೆಗೆ ಆರು ಪುಟ ಅಳು.

“ಬೆರಳಿಗೆ ತಗಡಿನ ಟೋಪಿ ಹಾಕ್ಕೊಳ್ಳೋಕೆ ಇವನಿಗೇನು ರೋಗ,” ಎಂದು ಗೊಣಗಿದ ದರ್ಜಿ, ಕತ್ತರಿಸುವ ಬಟ್ಟೆ ಜರುಗದಂತೆ ಪುಸ್ತಕವನ್ನೇ ಅದರ ಮೇಲೆ ಹೇರಿದ. ಆ ಕೆಲಸಕ್ಕೆ ಅದು ಬಹಳ ಒಳ್ಳೆಯ ಪುಸ್ತಕ.

ಮೇಷ್ಟ್ರಿಗೆ ಮುಖ ನೋಡಿ ಏನನ್ನೂ ಕೇಳುವ ಎದೆಗಾರಿಕೆಯಿಲ್ಲ. ಸೋಪು ಮುಗಿದರೆ ಕನ್ನಡಿಯ ಮೇಲೆ ಚೀಟಿ, ಮುನಿಸಿದ್ದರೆ ದಿಂಬಿನಡಿ ಚೀಟಿ. ಎರಡು ವಾರ ಅವರು ಪುಸ್ತಕದ ಸುದ್ದಿ ಎತ್ತದೆ, ಬರೀ ದರ್ಜಿಯ ಮುಖ ಮುಖ ನೋಡಿದರು. ಕೊನೆಗೆ ದರ್ಜಿಗೇ ಪಾಪ ಅನ್ನಿಸಿತು.

“ಓದಿ ಮುಗಿಸಿದೆ,” ಎಂದು ಹಸಿ ಸುಳ್ಳು ಹೇಳಿದ.

“ಕೊನೇ ಪುಟಾನೂ?”

“ಕೊನೇ ಪುಟಾನೇ ಎಲ್ಲಕ್ಕಿಂತ ಚೆನ್ನಾಗಿದೆ.”

“ಹಾಗಾದ್ರೆ ನಿನ್ನ ಉತ್ತರ?”

ದರ್ಜಿಗೆ ತಲೆಬುಡ ತಿಳಿಯಲಿಲ್ಲ. ಆದರೂ, “ಹೂಂ. ಅದರಲ್ಲಿ ಕೇಳೋದೇನಿದೆ,” ಎಂದುಬಿಟ್ಟ.

ಮೇಷ್ಟ್ರು ಕನ್ನಡಕ ಸಮೇತ ಅವನ ಭುಜಕ್ಕೆ ಮುಖ ಒತ್ತಿ ಅತ್ತರು. ಆಮೇಲೆ ಫೋನ್ ಹಿಡಿದು ಒಳಗೋಡಿದರು.

ದರ್ಜಿ ಧಡಧಡನೆ ಮೆಟ್ಟಿಲಿಳಿದು ಕೆಳಗಿನ ತನ್ನ ಅಂಗಡಿಗೆ ಬಂದು ಪುಸ್ತಕದ ಕೊನೆಯ ಪುಟ ತೆರೆದ. ಅಲ್ಲೊಂದು ಚೀಟಿ. ‘ಅಮ್ಮನಿಗೆ ಈಚೆಗೆ ನಡೆಯಲು ಕಷ್ಟ. ನಮ್ಮ ಜೊತೆ ಇರಿಸಿಕೊಳ್ಳೋಣವೇ? ನಿನಗೆ ಬೇಡವಾದರೆ ಬೇಡ.’

ಈ ಅಮ್ಮ ಯಾರೆಂದುಕೊಂಡಿರಿ? ಮೇಷ್ಟ್ರ ತಾಯಿ; ಆರು ವರ್ಷದ ಹಿಂದೆ ದರ್ಜಿ ತಮಗಾಗಿ ಕೈಯಾರೆ ಹೊಲಿದ ಕೋಟನ್ನು, ಪೊಟ್ಟಣ ಸಹ ಬಿಚ್ಚದೆ ವಾಪಸ್ ಕಳಿಸಿದವರು. ಈ ಮನೆಯ ಹೊಸ್ತಿಲನ್ನು ಒಮ್ಮೆಯೂ ತುಳಿದವರಲ್ಲ. ಸುಳ್ಳು ಒಪ್ಪಿಕೊಂಡುಬಿಡೋಣವೆಂದು ದರ್ಜಿ ಮತ್ತೆ ಮೆಟ್ಟಿಲು ಹತ್ತಿದ. ಬಾಗಿಲಾಚೆ ಮೇಷ್ಟ್ರ ದನಿ ಕೇಳಿಸಿತು: “ಹೂಂ ಅಂದ ಅಮ್ಮ. ಒಂದು ಕ್ಷಣಾನೂ ಯೋಚನೆ ಮಾಡ್ಲಿಲ್ಲ.” ಆ ದನಿಯಲ್ಲಿ ಅಂಥ ಸಂತೋಷವನ್ನು ಅವನು ಎಂದೂ ಕೇಳಿರಲಿಲ್ಲ. ಬಾಗಿಲು ತಟ್ಟದೆ ಇಳಿದು ಬಂದ.

ಭಾನುವಾರ ಅಮ್ಮ ಬಂದರು. ಮಗ ಇನ್ನೊಂದು ಪೆಟ್ಟಿಗೆ ತರಲು ಹೊರಗೆ ಹೋದಾಗ, ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಪುಸ್ತಕವನ್ನೇ ದಿಟ್ಟಿಸಿದರು.

“ಇದನ್ನ ಪೂರ್ತಿ ಓದಿದ್ಯಂತೆ?”

ಆ ಕಣ್ಣಿನ ಎದುರು ಸುಳ್ಳು ಹೇಳಲು ದರ್ಜಿಗೆ ನಾಲಿಗೆ ಹೊರಳಲಿಲ್ಲ. “ನಲವತ್ತೇಳನೇ ಪುಟಕ್ಕೆ ಬಿಟ್ಟೆ.”

“ನಾನು ಮೂವತ್ತಕ್ಕೇ ಬಿಟ್ಟೆ. ಹೆತ್ತವಳ ಕೈಲೂ ಆಗ್ಲಿಲ್ಲಪ್ಪ.” ಅಮ್ಮನ ತುಟಿಯಂಚಿನಲ್ಲಿ ನಗು ಸುಳಿದು ನಿಂತುಹೋಯಿತು. “ಮತ್ತೆ ಕೊನೇ ಪುಟದಲ್ಲಿ ಚೀಟಿ ಇಟ್ಟಿದ್ದೆ ಅಂದ, ಅದು?”

“ಹೂಂ ಅಂದ ಮೇಲೆ ನೋಡಿದೆ.”

ಅಮ್ಮ ಊರುಗೋಲನ್ನು ಬಿಗಿಯಾಗಿ ಹಿಡಿದರು. “ಈಗ ನೋಡಿದ್ದೀಯಲ್ಲ. ಏನಂತೀಯ?”

ದರ್ಜಿ ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ಧೂಳು ಹಿಡಿದ ಪೊಟ್ಟಣ ಇಳಿಸಿ ದಾರ ಬಿಚ್ಚಿದ. “ತೋಳು ಸ್ವಲ್ಪ ಉದ್ದ ಆಗಬಹುದು ಅಮ್ಮ. ಹಾಕಿ ನೋಡಿ.”

ಮೇಷ್ಟ್ರು ಪೆಟ್ಟಿಗೆ ಹೊತ್ತು ಒಳಗೆ ಬಂದಾಗ ಅಮ್ಮ ಕೋಟು ತೊಟ್ಟು ನಿಂತಿದ್ದರು. ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತೋಳು ಮಡಿಸುತ್ತಿದ್ದ. ಇಬ್ಬರ ಕಣ್ಣೂ ಒದ್ದೆ.

“ಏನಾಯ್ತು?” ಎಂದರು ಮೇಷ್ಟ್ರು ಗಾಬರಿಯಿಂದ.

“ಏನಿಲ್ಲ ಮಗ,” ಎಂದರು ಅಮ್ಮ. “ನಿನ್ನ ಪುಸ್ತಕದ ವಿಷಯ ಮಾತಾಡ್ತಿದ್ವಿ.”