ನೀರು ಸೇರಿದ ತೂಕ

"ಮೂರು ಮೂವತ್ತೊಂದೇ ಬರ್ಕೊಳ್ಳಿ," ಎಂದರು ಮೇಸ್ತ್ರಿ.

"ಬರ್ಕೋಬೇಡಿ," ಎಂದಳು ಪಕ್ಕದಲ್ಲಿ ಕೂತಿದ್ದ ಮಗಳು.

ಶೋರೂಮಿನವನ ಪೆನ್ನು ಕಾಗದ ಮುಟ್ಟದೆ ನಿಂತಿತು. ಹೊಸ ಪಿಕಪ್ಪಿನ ಬಣ್ಣ, ಸೀಟು, ಟ್ರೇಲರ್ ಸಿಕ್ಕಿಸುವ ಕೊಕ್ಕೆ ಎಲ್ಲ ಒಪ್ಪಿಗೆಯಾಗಿ, ಮಾತು ಹಿಂದಿನ ಆಕ್ಸಲ್ಲಿಗೆ ಬಂದು ಕಚ್ಚಿಕೊಂಡಿತ್ತು. ಇಂಜಿನ್ನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ, ಅಷ್ಟೇ ಲೆಕ್ಕ, ಎಂದು ಅವನು ಆಗಲೇ ಬಿಡಿಸಿ ಹೇಳಿದ್ದ. ಮೂರು ಮೂವತ್ತೊಂದು, ಎಂದರೆ 3.31 ಸುತ್ತಿನದು, ಹೆದ್ದಾರಿಗೆ ಹೇಳಿ ಮಾಡಿಸಿದ್ದು. ಇಂಜಿನ್ ತಣ್ಣಗೆ ಓಡುತ್ತದೆ, ಡೀಸೆಲ್ ಉಳಿಯುತ್ತದೆ. ನಾಲ್ಕು ಹತ್ತು ಕೋಣದ ಹಾಗೆ ಎಳೆಯುತ್ತದೆ, ಆದರೆ ಸಮತಟ್ಟಿನಲ್ಲೂ ಅರಚುತ್ತದೆ. ಎರಡರ ನಡುವೆ ಮೂರು ಎಪ್ಪತ್ತಮೂರು.

"ಏರು ಇರೋದು ಒಂದೇ ಕಡೆ. ಮಿಕ್ಕಿದ್ದೆಲ್ಲ ಹೆದ್ದಾರಿ. ಬರ್ತಾ ಟ್ರೇಲರ್ ಖಾಲಿ. ಒಂದು ಗುಡ್ಡಕ್ಕೋಸ್ಕರ ದಾರಿಯುದ್ದಕ್ಕೂ ಬೊಬ್ಬೆ ಹೊಡೆಯೋ ಗಾಡಿ ಯಾರಿಗೆ ಬೇಕು?" ಎಂದರು ಮೇಸ್ತ್ರಿ.

"ಆ ಒಂದು ಗುಡ್ಡದಲ್ಲೇ ತಾನೆ ಅಪ್ಪಾ, ನಾವು ಮರ್ಯಾದೆ ಬಿಟ್ಟು ಬಂದಿದ್ದು?"

ಮೇಸ್ತ್ರಿಯ ಕಿವಿ ಕೆಂಪಗಾಯಿತು. ಅವರದು ಮರದ ದೋಣಿ ಕಟ್ಟುವ ಮನೆ. ಗುಡ್ಡದ ಈಚೆ ಕಟ್ಟಿದ್ದನ್ನು ಆಚೆಯ ಬಂದರಿಗೆ ಒಯ್ದು ಇಳಿಸಬೇಕು. ಹೋದ ಸಲ ಹಳೆಯ ಪಿಕಪ್ಪು ಮೊಣಕೈಯಂಥ ತಿರುವಿನಲ್ಲಿ ಉಸಿರು ಕಟ್ಟಿ ನಿಂತಾಗ, ಎದುರು ದಂಡೆಯಲ್ಲಿ ದೋಣಿ ಕಟ್ಟುವ ಪೈಪೋಟಿಗಾರ ತನ್ನ ಗಾಡಿಗೆ ಹಗ್ಗ ಬಿಗಿದು ಎಳೆದುಕೊಟ್ಟಿದ್ದ. ಆಮೇಲೆ ಆ ಕಥೆಯನ್ನು ನಗುತ್ತಾ ಬಂದರಿಗೆಲ್ಲ ಹಂಚಿದ್ದ. ಈ ಸಲ ಹೊರಟಿರುವುದು ಮಗಳು ತಳದ ಮರದಿಂದ ಅಂಚಿನ ಪಟ್ಟಿಯವರೆಗೆ ತಾನೇ ಕಟ್ಟಿದ ಮೊದಲ ದೋಣಿ. 'ನನ್ನ ದೋಣಿಗೆ ಇನ್ನೊಬ್ಬರ ಹಗ್ಗ ಬೀಳಬಾರದು' ಎಂದು ಅವಳು ಮನೆಯಲ್ಲಿ ಹೇಳಿಬಿಟ್ಟಿದ್ದಳು.

"ನೀವು ಹೇಳಿದ ತೂಕಕ್ಕೆ ಮೂರು ಮೂವತ್ತೊಂದು ಧಾರಾಳ ಸಾಕು ಮೇಡಂ," ಎಂದ ಶೋರೂಮಿನವನು.

"ಹೇಳಿದ ತೂಕ ಅದು. ತೂಗಿದ್ದಲ್ಲ."

"ಹಲಗೆ ಕಣ್ಣಲ್ಲಿ ನೋಡಿ ತೂಕ ಹೇಳ್ತೀನಿ ನಾನು!" ಮೇಸ್ತ್ರಿ ಎದ್ದೇ ನಿಂತರು. ಮಗಳು ಶೋರೂಮಿನವನಿಗೆ, "ನಾಳೆ ಬರ್ತೀವಿ," ಎಂದಳು.

ಸಂಜೆ ಮೇಸ್ತ್ರಿ ಅಂಗಳಕ್ಕೆ ಬಂದರೆ ದೋಣಿ ಟ್ರೇಲರ್ ಮೇಲೇರಿತ್ತು, ಹಳೆಯ ಪಿಕಪ್ಪು ಮುಂದೆ ಸಿಕ್ಕಿಕೊಂಡಿತ್ತು. ಹೆಂಡತಿ ದೋಣಿಯೊಳಗೆ ನಿಂತು ನೆನೆದ ಗೋಣಿ ಹಾಸಿ ಕೊಡದಿಂದ ನೀರು ಹೊಯ್ಯುತ್ತಿದ್ದಳು. ಹೊರಡುವ ಮುಂಚೆ ದೋಣಿಗೆ ನೀರು ಕುಡಿಸುವುದು ಆ ಮನೆಯ ಪದ್ಧತಿ. ದಾರಿಯ ಗಾಳಿಗೆ ಹಲಗೆ ಒಣಗಿದರೆ ಸಂದು ಬಿಡುತ್ತದೆ, ಸಂದು ಬಿಟ್ಟ ದೋಣಿಯನ್ನು ಯಾರೂ ಮುಟ್ಟುವುದಿಲ್ಲ.

"ಗಾಡೀನೇ ಬಂದಿಲ್ಲ, ಈಗ್ಯಾಕೆ ನೀರು?"

"ತೂಗೋಕೆ," ಎಂದಳು ಮಗಳು.

"ನೀರ್ಯಾಕೆ ತೂಗ್ಬೇಕು? ನೀರು ದೋಣೀದಾ? ಬಂದರಲ್ಲಿ ಚೆಲ್ಲಿ ಬರೋದು ತಾನೆ!"

"ಹೊತ್ತು ಹಾಕೋಳು ನಾನು, ಹಗುರ ಅನ್ನೋರು ನೀವು," ಎಂದಳು ಹೆಂಡತಿ ಕೊಡ ಬಗ್ಗಿಸುತ್ತಾ. "ಅಷ್ಟು ಹಗುರ ಇದ್ರೆ ಬನ್ನಿ, ಮಿಕ್ಕಿದ್ದು ನೀವೇ ತುಂಬಿ."

ಊರ ಕಡೆಯ, ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಟ್ರೇಲರನ್ನಷ್ಟೇ ಬಿಚ್ಚಿ ನಿಲ್ಲಿಸಿದರು. ಕಿಟಕಿಯ ಕೆಂಪು ಅಂಕಿ ಏರಿತು. ಮೇಸ್ತ್ರಿ ಹೇಳಿದ್ದ ತೂಕವನ್ನು ದಾಟಿ, ಅವರಿಗೆ ಕೈ ಬೀಸಿ ಹೋದ ಹಾಗೆ ಇನ್ನೂ ಮೇಲಕ್ಕೆ ಹೋಗಿ ನಿಂತಿತು. ಮೇಸ್ತ್ರಿ ತೂಕದ ತಟ್ಟೆಯ ಸುತ್ತ ಬಂದು, ಬಗ್ಗಿ ಚಕ್ರದ ಹಿಂದೆ ನೋಡಿದರು.

"ಪುಟ್ಟೀ, ನೀನೇನಾದ್ರೂ ಮೇಲೆ ನಿಂತಿದೀಯಾ?"

"ನಾನು ಅರ್ಧ ಟನ್ ಇದೀನಾ ಅಪ್ಪಾ?"

ವೇಬ್ರಿಡ್ಜಿನವನು ನಕ್ಕ. ಮೇಸ್ತ್ರಿ ನಗಲಿಲ್ಲ. ದೋಣಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದರು. ಹಲಗೆ ಹಲಗೆ ಕೂಡಿದ ಕಡೆ ಬೆರಳು ಎಲ್ಲಿಯೂ ತಡೆಯಲಿಲ್ಲ.

"ಒಣ ದೋಣಿ ಲೆಕ್ಕ ಹಾಕಿ ಒದ್ದೆ ದೋಣಿ ಎಳೆಸ್ತಿದ್ದೆ. ಪಾಪ, ಆ ಗಾಡಿಗೆ ಬಾಯಿಗೆ ಬಂದಂಗೆ ಬೈದೆ," ಎಂದರು. ಮತ್ತೆ ಹಲಗೆಯ ಮೇಲೆ ಬೆರಳಾಡಿಸಿ, "ಸಂದು ಚೆನ್ನಾಗಿ ಕೂಡ್ಸಿದೀಯ," ಎಂದರು.

ಮಾರನೆಯ ದಿನ ಶೋರೂಮಿನವನು ಪೆನ್ನು ತೆಗೆಯುತ್ತಲೇ ಮೇಸ್ತ್ರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕೂತರು. "ಕಟ್ಟಿದೋಳು ಅವಳು. ಓಡಿಸೋಳೂ ಅವಳೇ. ಅವಳನ್ನೇ ಕೇಳಿ."

ಹೊಸ ತೂಕ ಕೇಳಿ ಶೋರೂಮಿನವನು ಹುಬ್ಬೇರಿಸಿದ. "ಹಾಗಾದ್ರೆ ನಾಲ್ಕು ಹತ್ತಾ ಮೇಡಂ?"

"ಬೇಡ. ಏರಲ್ಲಿ ಓಡ್ಬೇಕಾಗಿಲ್ಲ, ನಿಲ್ಲದೆ ಇದ್ರೆ ಸಾಕು. ಈ ತೂಕನ ಮೂರು ಎಪ್ಪತ್ತಮೂರು ಎಳೆಯುತ್ತೆ ಅಲ್ವಾ? ಅದನ್ನೇ ಬರ್ಕೊಳ್ಳಿ. ಹೆದ್ದಾರಿಯಲ್ಲಿ ಅಪ್ಪನ ಮಾತೂ ಅಷ್ಟಿಷ್ಟು ನಡೀಲಿ."

ಮೇಸ್ತ್ರಿ ಕೆಮ್ಮಿ, ಗಾಜಿನಾಚೆ ನೋಡುತ್ತಾ, "ನನ್ನ ಮಗಳು," ಎಂದರು, ಶೋರೂಮಿನವನು ಕೇಳಿದ್ದನೋ ಎಂಬಂತೆ.

ಹೊಸ ಗಾಡಿ ಬಂದ ಮೇಲೆ ಒಂದು ಬೆಳಿಗ್ಗೆ ದೋಣಿ ಹೊರಟಿತು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತು, ವಾಡಿಕೆಯಂತೆ ಮರದ ಬೆಣೆಯನ್ನು ತೊಡೆಯ ಮೇಲಿಟ್ಟುಕೊಂಡರು. ಏರಿನಲ್ಲಿ ಗಾಡಿ ನಿಂತರೆ ಥಟ್ಟನೆ ಧುಮುಕಿ ಚಕ್ರದ ಹಿಂದೆ ಸಿಕ್ಕಿಸಬೇಕಾದ ಬೆಣೆ ಅದು.

ಹೆದ್ದಾರಿ ಮುಗಿದು ಗುಡ್ಡ ಶುರುವಾಯಿತು. ಮಗಳು ಗೇರು ಇಳಿಸಿದಳು. ಇಂಜಿನ್ನಿನ ದನಿ ದಪ್ಪವಾಯಿತು, ಒಡೆಯಲಿಲ್ಲ. ಮೊಣಕೈ ತಿರುವು ಬಂದಾಗ ಮೇಸ್ತ್ರಿಯ ಎಡಗೈ ತಾನಾಗಿ ಬಾಗಿಲ ಹಿಡಿಗೆ ಹೋಯಿತು. ಹಿಂದೆ ದೋಣಿಯಲ್ಲಿ ನೀರು ತುಳುಕಿದ ಸದ್ದು. ಮಗಳು ಸ್ಟೇರಿಂಗನ್ನು ಉಳಿ ಹಿಡಿಯುವ ಹಾಗೆ, ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ, ಹಿಡಿದಿದ್ದಳು. ತಿರುವು ಕಳೆಯಿತು. ಮುಂದಿನದೂ ಕಳೆಯಿತು.

ನೆತ್ತಿಯಲ್ಲಿ ರಸ್ತೆ ಅಗಲವಾದ ಕಡೆ ಅವಳೇ ಗಾಡಿ ನಿಲ್ಲಿಸಿದಳು.

"ಅಪ್ಪಾ, ಅದನ್ನ ಕೆಳಗಿಡು. ಕೈ ನೋವಾಗತ್ತೆ."

ಮೇಸ್ತ್ರಿ ಬೆಣೆಯನ್ನು ಕಾಲ ಬಳಿ ಇಟ್ಟು ಇಳಿದರು. ದೋಣಿಯ ಸಂದುಗಳನ್ನು ಒಂದು ಸುತ್ತು ನೋಡಿ, ರಸ್ತೆಯ ಅಂಚಿಗೆ ಹೋಗಿ ನಿಂತು ಬಂದ ದಾರಿಯನ್ನು ನೋಡಿದರು. ಗೋಣಿಯಿಂದ ದೋಣಿಯಂಚಿನ ಮೇಲೆ ಜಿನುಗಿದ ನೀರು ಡಾಂಬರಿನ ಮೇಲೆ ತೆಳ್ಳಗೆ ಗೆರೆ ಬಿಟ್ಟಿತ್ತು. ಹೋದ ಸಲ ಗಾಡಿ ನಿಂತ ಮೊಣಕೈ ತಿರುವಿನಲ್ಲಿ ಅದು ಮಡುವಾಗಿ ನಿಂತಿತ್ತು. ಈಗ ಆ ಗೆರೆ ತಿರುವನ್ನು ಬಳಸಿ, ಎಲ್ಲಿಯೂ ಅಗಲವಾಗದೆ, ಎಲ್ಲಿಯೂ ಕಡಿಯದೆ, ಅವರ ಕಾಲಬುಡದವರೆಗೂ ಬಂದಿತ್ತು.