ಗಾಯ ಮಾಯುವ ತನಕ

ನಾನೊಂದು ಕಾಲ್ಬೇಡಿ. ರಾಣಿ ಸರಕಾರದ ಕಾಲದಲ್ಲಿ, ಧಾರವಾಡದ ಕಡೆಯ ಒಬ್ಬ ಕಮ್ಮಾರನ ಕುಲುಮೆಯಲ್ಲಿ ಹುಟ್ಟಿದೆ. ಒಂದೇ ಕಬ್ಬಿಣದ ತುಂಡಿನಲ್ಲಿ ಅರ್ಧ, ಬಂಡಿಯ ಗಾಲಿಗೆ ಪಟ್ಟಿಯಾಗಿ ಊರೂರು ಸುತ್ತಲು ಹೋಯಿತು. ಉಳಿದರ್ಧ ನಾನಾಗಿ ಜೈಲಿಗೆ ಬಂದೆ. ನನ್ನ ಹಣೆಬರಹ! ಅಂದಿನಿಂದ ಮನುಷ್ಯರನ್ನು ನೆಲದ ಮಟ್ಟದಿಂದಲೇ ಕಂಡವನು ನಾನು. ಸಾಹೇಬರೆಂದರೆ ನನಗೆ ಬೂಟು, ಕೈದಿಯೆಂದರೆ ಒಡೆದ ಹಿಮ್ಮಡಿ. ಜನ ಕಾಲು ಹಿಡಿದು ಬೇಡುತ್ತಾರಂತೆ. ಹೆಸರು ಬೇಡಿಯಾದರೂ ನಾನು ಕಾಲು ಹಿಡಿದದ್ದು ಬೇಡುವುದಕ್ಕಲ್ಲ.

ಎಷ್ಟೋ ಕಳ್ಳರ ಕಾಲು ಸುತ್ತಿ ಬಂದ ಮೇಲೆ ಗಾಣಿಗರ ಗೂಳಪ್ಪನ ಎಡಗಾಲಿಗೆ ಬಿದ್ದೆ. ಅವನ ಊರಿನ ಕಾವಲುಗಾರ ದಾರಿಯಲ್ಲಿ ಹೆಣವಾಗಿ ಬಿದ್ದಿದ್ದ. ಮೊದಲು ಕಂಡು ಕೂಗಿದವನು ಗೂಳಪ್ಪ. ಕೂಗಿದವನನ್ನೇ ಹಿಡಿದರು, ಗಲ್ಲು ಎಂದರು. ಉಳಿದಿದ್ದು ಒಂದೇ ದಾರಿ, ಲಾಟಸಾಹೇಬರಿಗೆ ದಯೆಯ ಅರ್ಜಿ. ಕಾರಕೂನ ತಮ್ಮಣ್ಣಪಂತರು ಜೈಲಿನ ಪಡಸಾಲೆಯಲ್ಲಿ ಬರೆಯಲು ಕುಳಿತರು. ಗೂಳಪ್ಪ ಕೈಮುಗಿದು ಹೇಳಿದ:

"ತಪ್ಪಾತ್ರೀ ಯಪ್ಪಾ, ಹೊಟ್ಟ್ಯಾಗ ಹಾಕ್ಕೋರ್ರಿ. ಆ ಖೂನಿ ನಾ ಮಾಡಿಲ್ರೀ."

ದೊಡ್ಡವರ ಮುಂದೆ ನಮ್ಮ ಬಡವರು ಬಾಯಿ ತೆರೆಯುವುದೇ ಹಾಗೆ. ಎದುರಿಗೆ ನಿಂತದ್ದೇ ತಪ್ಪು ಅವರಿಗೆ. ಪಂತರು ಅವನು ಹೇಳಿದಂತೆಯೇ ಬರೆದರು. ಮೇಲಿನ ಕಚೇರಿಯಲ್ಲಿ ಯಾರೋ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಬಂದ ಉತ್ತರವನ್ನು ಪಂತರು ಓದಿದರು: ಅಪರಾಧಿ ಮೊದಲ ಸಾಲಿನಲ್ಲೇ ತಪ್ಪು ಒಪ್ಪಿಕೊಂಡಿದ್ದಾನೆ, ಆಮೇಲೆ ಸುಳ್ಳು ಹೇಳಿದ್ದಾನೆ, ದಯೆಗೆ ಕಾರಣವಿಲ್ಲ.

ಗೂಳಪ್ಪ ಗಾಬರಿಯಿಂದ ಮತ್ತೆ ಕೈಮುಗಿದ. "ತಪ್ಪಾತ್ರೀ, ಇನ್ನೊಮ್ಮೆ ಬರೀರಿ." ಪಂತರು ಮಸಿ ದೌತಿಯ ಮುಚ್ಚಳ ಹಾಕಿ ಎದ್ದುಹೋದರು. ನನಗೆ ಮೈಯೆಲ್ಲ ಉರಿಯಿತು.

ಗಲ್ಲಿಗೆ ಮುಂಚೆ ಡಾಕ್ಟರು ಬಂದು ನೋಡಿದರು. ನಾನು ತಿಂದು ತಿಂದು ಅವನ ಎಡಗಾಲು ಕೀವಾಗಿತ್ತು. ರೋಗಿಯನ್ನು ಗಲ್ಲಿಗೇರಿಸುವ ಹಾಗಿಲ್ಲ, ಗಾಯ ಮಾಯುವ ತನಕ ತಡೆಯಿರಿ ಎಂದರು ಆ ಪುಣ್ಯಾತ್ಮರು. ನನ್ನನ್ನು ಬಲಗಾಲಿಗೆ ಬದಲಾಯಿಸಿದರು.

ಬಾಗಿಲಲ್ಲಿ ಕಾದಿದ್ದ ಹೆಂಡತಿ ದುಂಡವ್ವನ ಕಿವಿಗೆ ಬಿದ್ದದ್ದು 'ತಡೆದಿದ್ದಾರೆ' ಎಂಬುದಷ್ಟೇ. ಅರ್ಜಿ ಫಲಿಸಿತೆಂದು ಅವಳು ಹಿಗ್ಗಿದಳು. ಮನೆಯ ಗಾಣದಲ್ಲಿ ಬೇವಿನೆಣ್ಣೆ ತೆಗೆದು, ಅರಿಸಿನ ಕಲಸಿ, ಕುಡಿಕೆಯಲ್ಲಿ ತಂದಳು. "ದಿನಾ ಹಚ್ಕೋರಿ. ಲಗೂನ ಮನೀಗೆ ನಡಕೊಂಡು ಬರಬೇಕು ನೀವು." ಗೂಳಪ್ಪ ಹೂಂ ಎಂದ. ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಅವಳು ಹೋದ ಮೇಲೆ ಪಹರೆಯವನು ಪಿಸುಗುಟ್ಟಿದ. "ಹಚ್ಚಬ್ಯಾಡೋ ಹುಚ್ಚಾ. ಮಾಯ್ತಂದ್ರ ಮುಗೀತು ನಿಂದು."

"ಎತ್ತು ಮಾರಿ ನನ್ನ ಸಲುವಾಗಿ ಓಡ್ಯಾಡ್ಯಾಳ್ರೀ. ಗಾಣಾ ತಾನಽ ಎಳದು ತಂದ ಎಣ್ಣಿ. ಹೆಂಗ ಚೆಲ್ಲಲಿ?"

ಅವನು ಹಚ್ಚಿಕೊಂಡ. ದಿನಾ ಹಚ್ಚಿಕೊಂಡ. ನಾನು ಬಲಗಾಲನ್ನಾದರೂ ಕಚ್ಚಿ ಹುಣ್ಣು ಮಾಡೋಣವೆಂದು ನೋಡಿದೆ. ಅವನ ಕೈಯ ಎಣ್ಣೆ ಅಲ್ಲಿಗೂ ತಗಲಿ ನನ್ನನ್ನು ಜಾರಿಸಿತು. ಗಾಯ ಚೊಕ್ಕಟವಾಗಿ ಮಾಯಿತು. ಡಾಕ್ಟರು ಮೆಚ್ಚಿ ಗಲ್ಲಿನ ಕಾಗದಕ್ಕೆ ಸಹಿ ಹಾಕಿದರು.

ಈಗ ಜೈಲಿನ ಹಳೆ ಕೋಣೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ರಾಣಿಯ ಹೆಸರಿನಲ್ಲಿ ನಡೆಯುತ್ತಿದ್ದ ಅಷ್ಟು ದೊಡ್ಡ ಸರಕಾರದಲ್ಲಿ ಗೂಳಪ್ಪನಿಗೆ ನಾಲ್ಕು ದಿನ ಹೆಚ್ಚಿಗೆ ಬದುಕು ಕೊಟ್ಟದ್ದು ನಾನು ಮಾಡಿದ ಹುಣ್ಣು. ಅದನ್ನು ವಾಸಿಮಾಡಿದವಳು, ಅವನು ಸತ್ತ ಬೆಳಿಗ್ಗೆಯೂ ಬಾಗಿಲಿಗೆ ಬಂದು, ಕುಡಿಕೆ ತುಂಬಿಕೊಂಡು ನಿಂತಿದ್ದಳು.